ತಂಬೂರಿಯ ಜೀವಾಳವೂ ಗಣಕಯಂತ್ರವೂ

ಮುಳಬಾಗಿಲಿನ ಸಮೀಪದ ನರಸಿಂಹತೀರ್ಥವು ಶ್ರೀಪಾದರಾಜರ ಬೃಂದಾವನವಿರುವ ಸ್ಥಳವೆಂದು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಹದಿನೈದನೆಯ ಶತಮಾನದ ಈ ಯತಿವರ್ಯರು ಸಂಸ್ಕೃತದಲ್ಲಿ ‘ವಾಗ್ವಜ್ರ’ವೆಂಬ ಪ್ರೌಢಗ್ರಂಥವನ್ನು ರಚಿಸಿದ್ದಲ್ಲದೆ, ರಂಗವಿಠಲ ಎಂಬ ಅಂಕಿತದಿಂದ ಕನ್ನಡದಲ್ಲಿ ಕೀರ್ತನೆಗಳನ್ನು ಹಾಡಿ, ಮಠದೊಳಗೆ ದೇಶಭಾಷೆಯ ಗಾನಕ್ಕೆ ಮರ್ಯಾದೆಯ ಸ್ಥಾನವನ್ನು ಕಲ್ಪಿಸಿದರು. ವ್ಯಾಸರಾಯರು ಇವರ ಬಳಿಯಲ್ಲಿಯೇ ವಿದ್ಯಾಭ್ಯಾಸ ಮಾಡಿದರೆಂಬುದು ಸಂಪ್ರದಾಯ. ಅಂದಿನಿಂದ ಬೆಳೆದುಬಂದ ಹರಿದಾಸರ ಚಿತ್ರವನ್ನು ಯಾವ ಕಲೆಗಾರನು ಬರೆದರೂ, ಕಾಲಿಗೆ ಗೆಜ್ಜೆ, ಕೈಯಲ್ಲಿ ಚಿಟಿಕೆ, ಹೆಗಲಿಗೆ ತಂಬೂರಿ, ಈ ಮೂರನ್ನು ಬಿಡುವುದಿಲ್ಲ. ಕೋಲಾರದ ಸೀಮೆಯಲ್ಲಿ ತಂಬೂರಿಯು ದಾಸರ ಸೊತ್ತು ಮಾತ್ರವಾಗಿರಲಿಲ್ಲ. ಕೈವಾರದ ಯೋಗಿನಾರೇಯಣರ ತತ್ತ್ವಪದಗಳನ್ನು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡುತ್ತ ಊರೂರು ತಿರುಗಿದ ಭಜನೆಯವರಿಗೂ ಅದೇ ಆಧಾರ. (ಕೈವಾರವು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರ್ಪಡುವವರೆಗೆ ಕೋಲಾರ ಜಿಲ್ಲೆಗೇ ಸೇರಿತ್ತು.) ಪಂಡಿತರ ಕಚೇರಿಗೂ ಪಾಮರರ ಜಗಲಿಗೂ ಸಮಾನವಾಗಿ ಸಲ್ಲುತ್ತಿದ್ದ ವಾದ್ಯ ಇದರಂತೆ ಇನ್ನೊಂದಿಲ್ಲ.

ಇಂತಹ ವಾದ್ಯವು ಈಗ ಅನೇಕ ಮನೆಗಳಲ್ಲಿ ಗವುಸು ಹೊದ್ದು ಮೂಲೆಯಲ್ಲಿ ನಿಂತಿದೆ. ಅದರ ನಾದ ಮಾತ್ರ ನಿಂತಿಲ್ಲ. ಅಂಗೈಯಗಲದ ಪೆಟ್ಟಿಗೆಯಿಂದಲೋ, ಕೈಫೋನಿನಿಂದಲೋ ಪಂಚಮ, ಸಾರಣಿ, ಅನುಸಾರಣಿ, ಮಂದ್ರಗಳು ಒಂದಾದ ಮೇಲೊಂದು ಹೊರಟು ಬರುತ್ತವೆ. ಮೀಟುವ ಕೈಯಿಲ್ಲ, ಮಿಡಿಯುವ ತಂತಿಯಿಲ್ಲ. ಇದು ಹೇಗೆ ಸಾಧ್ಯವಾಯಿತು, ಯಾರು ಯಾರ ಬುದ್ಧಿಬಲದಿಂದ ಸಾಧ್ಯವಾಯಿತು, ಈ ಬದಲಾವಣೆಯಲ್ಲಿ ಬಂದುದೇನು ಹೋದುದೇನು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು. ಈ ಚರಿತ್ರೆಯ ಬಹುಮುಖ್ಯವಾದ ಅಧ್ಯಾಯಗಳು ಬೆಂಗಳೂರಿನಲ್ಲಿಯೇ ನಡೆದವೆಂಬುದು ಅನೇಕರಿಗೆ ತಿಳಿದಂತಿಲ್ಲ.

ನಾದವನ್ನು ಪರೀಕ್ಷಿಸಿ ಅಳೆಯುವ ಕುತೂಹಲ ನಮ್ಮವರಿಗೆ ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಒಂದೇ ಸಮನಾದ ಎರಡು ವೀಣೆಗಳನ್ನು ಇಟ್ಟುಕೊಂಡು, ಒಂದನ್ನು ಕದಲಿಸದೆ, ಇನ್ನೊಂದರ ಸ್ವರಗಳನ್ನು ಹಂತಹಂತವಾಗಿ ಇಳಿಸಿ, ಶ್ರುತಿಗಳು ಇಪ್ಪತ್ತೆರಡೆಂದು ತೋರಿಸುವ ಕ್ರಮವನ್ನು ಹೇಳಿದ್ದಾನೆ. ಸ್ಥಿರವಾದುದರೊಡನೆ ಚಲಿಸುವುದನ್ನು ಹೋಲಿಸಿ ಅಳೆಯಬೇಕೆಂಬ ಈ ವಿಧಾನವು ಇಂದಿನ ಪ್ರಯೋಗಶಾಲೆಯವರೂ ಒಪ್ಪತಕ್ಕದ್ದೇ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ, ತಂತಿಯೊಳಗೆ ತಾವಾಗಿಯೇ ಹುಟ್ಟುವ ಸ್ವರಗಳನ್ನು ‘ಸ್ವಯಂಭೂ’ ಎಂದು ಕರೆದನು. ಆ ಶಬ್ದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರ ವಿಸ್ತಾರವೆಂದೇ ಹೇಳಬಹುದು.

ಸ್ವಯಂಭೂ ಸ್ವರವೆಂದರೇನು? ಒಂದು ಸಾರಣಿ ತಂತಿಯು ಸೆಕೆಂಡಿಗೆ 150 ಸಲ ಕಂಪಿಸುವಂತೆ ಬಿಗಿದಿದೆಯೆಂದು ಇಟ್ಟುಕೊಳ್ಳೋಣ. ಅದು ಇಡಿಯಾಗಿ ಕಂಪಿಸುತ್ತಿರುವಾಗಲೇ ಎರಡು ಭಾಗಗಳಾಗಿ, ಮೂರು ಭಾಗಗಳಾಗಿ, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಆದುದರಿಂದ 150ರ ಜೊತೆಗೆ 300, 450, 600, 750 ಎಂಬ ಕಂಪನಗಳೂ ಹುಟ್ಟುತ್ತವೆ. 300 ಎಂಬುದು ಮೇಲಿನ ಷಡ್ಜ. 450 ಅದರ ಮೇಲಿನ ಪಂಚಮ. 600 ಮತ್ತೆ ಷಡ್ಜ. 750 ಎಂಬುದು ಅಂತರಗಾಂಧಾರ. ಶ್ರುತಿಗೂಡಿದ ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲದಿದ್ದರೂ ಗಾಂಧಾರವು ಕೇಳುತ್ತದೆಂದು ಹಳೆಯ ವಿದ್ವಾಂಸರು ಶಿಷ್ಯರಿಗೆ ತೋರಿಸುತ್ತಿದ್ದುದು ಇದನ್ನೇ. ಈ ಉಪಸ್ವರಗಳಲ್ಲಿ ಯಾವುದು ಎಷ್ಟು ಬಲವಾಗಿದೆ ಎಂಬುದರಿಂದಲೇ ವೀಣೆಯ ಷಡ್ಜ ಬೇರೆ, ಕೊಳಲಿನ ಷಡ್ಜ ಬೇರೆ ಎಂದು ಕಿವಿಗೆ ತಿಳಿಯುತ್ತದೆ. ಯಾವ ಆವರ್ತಕ ಚಲನೆಯನ್ನಾದರೂ ಹೀಗೆ ಸರಳ ಚಲನೆಗಳನ್ನಾಗಿ ಬಿಡಿಸಬಹುದೆಂದು ಫ್ರಾನ್ಸ್ ದೇಶದ ಫೂರಿಯೇ 1822ರ ತನ್ನ ಗ್ರಂಥದಲ್ಲಿ ಗಣಿತದಿಂದ ತೋರಿಸಿದನು. ಜರ್ಮನಿಯ ಹೆಲ್ಮ್‌ಹೋಲ್ಟ್ಸನು 1863ರ ತನ್ನ ಗ್ರಂಥದಲ್ಲಿ ಅದನ್ನು ಸಂಗೀತಕ್ಕೆ ಅನ್ವಯಿಸಿದನು. ಅವನು ನಾದವನ್ನು ಬಿಡಿಸಿ ನೋಡಿದ್ದು ಮಾತ್ರವಲ್ಲ. ವಿದ್ಯುತ್ತಿನಿಂದ ನಡೆಯುವ ಶ್ರುತಿಕವಲುಗಳನ್ನು ಸಾಲಾಗಿ ಇಟ್ಟು, ಬೇಕಾದಷ್ಟು ಬಲದಿಂದ ಅವನ್ನು ನುಡಿಸಿ, ಅಕಾರ ಉಕಾರಾದಿ ಸ್ವರಧ್ವನಿಗಳನ್ನು ಮತ್ತೆ ಕೂಡಿಸಿ ತೋರಿಸಿದನು. ಬಿಡಿಸುವುದು, ಮತ್ತೆ ಕೂಡಿಸುವುದು, ಇವೆರಡೂ ಆಗಲೇ ಆರಂಭವಾದವು.

ಈ ಶಾಸ್ತ್ರವೆಲ್ಲ ಪಾಶ್ಚಾತ್ಯ ವಾದ್ಯಗಳನ್ನು ಎದುರಿಗಿಟ್ಟುಕೊಂಡು ಬೆಳೆದದ್ದು. ನಮ್ಮ ವಾದ್ಯಗಳು ಆ ಶಾಸ್ತ್ರಕ್ಕೆ ಒಳಪಡುತ್ತವೆಯೇ ಎಂದು ಕೇಳಿದವರು ಚಂದ್ರಶೇಖರ ವೆಂಕಟರಾಮನ್ ಅವರು. ಕಲ್ಕತ್ತೆಯಲ್ಲಿ ಸರ್ಕಾರದ ಲೆಕ್ಕಪತ್ರದ ಇಲಾಖೆಯ ಕೆಲಸದಲ್ಲಿದ್ದಾಗಲೇ ಬೆಳಿಗ್ಗೆ ಸಂಜೆ ಪ್ರಯೋಗಶಾಲೆಗೆ ಹೋಗಿ ತಂತಿಗಳ ಕಂಪನವನ್ನು ಪರೀಕ್ಷಿಸುತ್ತಿದ್ದವರು ಅವರು. ಅವರ ಧರ್ಮಪತ್ನಿ ಲೋಕಸುಂದರಿಯಮ್ಮನವರು ವೀಣೆಯನ್ನು ಬಲ್ಲವರಾಗಿದ್ದರು. 1921ರಲ್ಲಿ ರಾಮನ್ನರು ಭಾರತೀಯ ತಂತೀವಾದ್ಯಗಳನ್ನು ಕುರಿತು ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿ ತಂಬೂರಿ ವೀಣೆಗಳ ವಿಷಯವಾಗಿ ಒಂದು ಆಶ್ಚರ್ಯವನ್ನು ಎತ್ತಿ ಹೇಳಿದರು.

ಆ ಆಶ್ಚರ್ಯವನ್ನು ಗ್ರಹಿಸಬೇಕಾದರೆ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ಹೆಸರಿನ ನಿಯಮವೊಂದನ್ನು ತಿಳಿಯಬೇಕು. ಒಂದು ಉಪಸ್ವರಕ್ಕೆ ತಂತಿಯ ಯಾವ ಬಿಂದುವು ನಿಶ್ಚಲವೋ ಅಲ್ಲಿಯೇ ತಂತಿಯನ್ನು ಮೀಟಿದರೆ ಆ ಉಪಸ್ವರವು ಹುಟ್ಟಬಾರದು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಇರಬಾರದು. ಅನಂತರ ಆ ನಡುಬಿಂದುವನ್ನು ಬೆರಳಿನಿಂದ ಮೃದುವಾಗಿ ಮುಟ್ಟಿದರೆ ಉಳಿದವೂ ಅಡಗಿ ತಂತಿಯು ಮೌನವಾಗಬೇಕು. ಸಾಧಾರಣವಾದ ತಂತಿಯಲ್ಲಿ ಹಾಗೆಯೇ ಆಗುತ್ತದೆ. ತಂಬೂರಿಯಲ್ಲಿ ಹಾಗಾಗುವುದಿಲ್ಲ. ಇರಬಾರದ ಮೇಲಿನ ಷಡ್ಜವು ನಿರಾತಂಕವಾಗಿ ಮೊಳಗುತ್ತಲೇ ಇರುತ್ತದೆ. ನಿಯಮವನ್ನು ಮುರಿಯುವ ಈ ಗುಣಕ್ಕೆ ಕಾರಣವು ಕುದುರೆಯಲ್ಲಿದೆ ಎಂದು ರಾಮನ್ನರು ತೋರಿಸಿದರು. ಪಿಟೀಲಿನ ಕುದುರೆಯ ಅಂಚು ಚೂಪು. ತಂತಿಯು ಅಲ್ಲಿ ಒಂದೇ ಬಿಂದುವಿನಲ್ಲಿ ಕುಳಿತಿರುತ್ತದೆ. ತಂಬೂರಿಯ ಕುದುರೆಯ ಮೈಯೋ ಅಗಲವಾಗಿ, ಬಹು ಸೂಕ್ಷ್ಮವಾದ ಬಾಗನ್ನು ಹೊಂದಿರುತ್ತದೆ. ತಂತಿಗೂ ಆ ಮೈಗೂ ನಡುವೆ ಒಂದು ನೂಲಿನ ಎಳೆಯನ್ನು ತೂರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ, ಒಂದು ಸ್ಥಾನದಲ್ಲಿ ನಾದವು ಇದ್ದಕ್ಕಿದ್ದಂತೆ ಅರಳಿ ಝೇಂಕರಿಸುತ್ತದೆ. ಅಲ್ಲಿ ತಂತಿಯು ಪ್ರತಿಯೊಂದು ಕಂಪನದಲ್ಲಿಯೂ ಕುದುರೆಯ ಮೈಯನ್ನು ಸವರಿ ಸವರಿ ಏಳುತ್ತದೆ. ಆ ತಾಡನದಿಂದ ಮೇಲಿನ ಉಪಸ್ವರಗಳಿಗೆ ಮತ್ತೆ ಮತ್ತೆ ಶಕ್ತಿಯು ಸಂದು, ಅವು ಬೇಗನೆ ಸಾಯದೆ ಬಾಳುತ್ತವೆ. ಆ ನೂಲಿಗೆ ನಮ್ಮವರು ಜೀವಾಳವೆಂದು ಹೆಸರಿಟ್ಟರು. ಹೆಸರಿಟ್ಟವನು ಯಾರೋ ತಿಳಿಯದು. ಅವನು ಕವಿಯೂ ಹೌದು, ವಿಜ್ಞಾನಿಯೂ ಹೌದು.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಎಂದರೆ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು. ಮರುವರ್ಷ ಅವರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಮೃದಂಗ ತಬಲಗಳ ವಿಷಯವಾದ ಅವರ ಲೇಖನವಿದೆ. ಬರಿಯ ಚರ್ಮದ ಡೋಲಿನ ಕಂಪನಗಳು ಒಂದಕ್ಕೊಂದು ಶ್ರುತಿಗೂಡುವುದಿಲ್ಲ. ಆದುದರಿಂದಲೇ ಅದರ ಧ್ವನಿಯು ಸದ್ದಾಗಿರುತ್ತದೆ, ಸ್ವರವಾಗಿರುವುದಿಲ್ಲ. ಮೃದಂಗದ ಬಲಭಾಗದಲ್ಲಿ ನಡುವೆ ಕರಣೆಯನ್ನು ಮೆತ್ತಿ ಭಾರವನ್ನು ಹದವಾಗಿ ಹಂಚಿರುವುದರಿಂದ, ಅದರ ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಗುಂಪುಗಳಾಗಿ ಸೇರಿ ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪ್ರಮಾಣದಲ್ಲಿ ನಿಲ್ಲುತ್ತವೆಂದು, ಚರ್ಮದ ಮೇಲೆ ಮರಳನ್ನು ಚೆಲ್ಲಿ ಅದು ಮೂಡಿಸುವ ಗೆರೆಗಳಿಂದ ಅವರು ಕಾಣಿಸಿದರು. 1954ರಲ್ಲಿ ಅದೇ ಸಂಸ್ಥೆಯ ಬಿ. ಎಸ್. ರಾಮಕೃಷ್ಣರೂ ಮನಮೋಹನ ಸೋಂಧಿಯವರೂ, ನಡುವೆ ಭಾರವಾಗಿಯೂ ಸುತ್ತ ಹಗುರವಾಗಿಯೂ ಇರುವ ಪಟಲವೆಂದು ಅದನ್ನು ಭಾವಿಸಿ, ಈ ಪ್ರಮಾಣಗಳು ಗಣಿತದಿಂದಲೂ ಸಿದ್ಧವಾಗುತ್ತವೆಂದು ಅಮೆರಿಕದ ಧ್ವನಿಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತಕ್ಕೆ ಮೊದಲನೆಯ ಗಣಕಯಂತ್ರವು ಬಂದದ್ದು ಅದರ ಮರುವರ್ಷ, ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಸೋಂಧಿಯವರು ಮುಂದೆ ಅಮೆರಿಕಕ್ಕೆ ಹೋಗಿ 1962ರಲ್ಲಿ ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ದೂರವಾಣಿಯ ಮಾತಿನಲ್ಲಿ ಹುಟ್ಟುವ ಪ್ರತಿಧ್ವನಿಯನ್ನು ಅಳಿಸುವ ವಿಧಾನದಿಂದ ಅವರಿಗೆ ಅಲ್ಲಿ ಕೀರ್ತಿ ಬಂದಿತು.

ಆ ಪ್ರಯೋಗಶಾಲೆಯಲ್ಲಿಯೇ ಅದಕ್ಕೆ ಐದು ವರ್ಷ ಮೊದಲು, 1957ರಲ್ಲಿ, ಮ್ಯಾಕ್ಸ್ ಮ್ಯಾಥ್ಯೂಸ್ ಎಂಬವರು ಗಣಕಯಂತ್ರದಿಂದ ಸಂಗೀತವನ್ನು ಹೊರಡಿಸಿದ್ದರು. ಹದಿನೇಳು ಸೆಕೆಂಡುಗಳಷ್ಟು ಮಾತ್ರ ನಡೆದ ಆ ಸಂಗೀತವು ಕೇಳಲು ಇಂಪಾಗಿತ್ತೆಂದು ಯಾರೂ ಹೇಳಲಾರರು. ಅದರ ಹಿಂದಿನ ತತ್ತ್ವವು ಮಾತ್ರ ದೊಡ್ಡದು. ನಾದವೆಂದರೆ ಗಾಳಿಯ ಒತ್ತಡದ ಏರಿಳಿತ. ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದಿಡಬಹುದಾದರೆ, ಅಂಕಿಗಳನ್ನು ಲೆಕ್ಕದಿಂದ ಹುಟ್ಟಿಸಿ ಅವುಗಳಿಂದ ನಾದವನ್ನೂ ಹುಟ್ಟಿಸಬಹುದು. 1982ರಿಂದ ಅಂಗಡಿಗಳಿಗೆ ಬಂದ ಸಂಗೀತದ ಸಿ.ಡಿ. ತಟ್ಟೆಯಲ್ಲಿ ಒಂದು ಸೆಕೆಂಡಿನ ನಾದಕ್ಕೆ 44,100 ಅಳತೆಗಳಿರುತ್ತವೆ. ಹೀಗೆ ಅಂಕಿಗಳಾದ ನಾದವನ್ನು ಉಪಸ್ವರಗಳಾಗಿ ಬಿಡಿಸುವುದು ಮೊದಲಿಗೆ ಬಹು ದುಬಾರಿಯ ಕೆಲಸವಾಗಿತ್ತು. 1,024 ಅಳತೆಗಳ ಒಂದು ತುಣುಕಿಗೆ ಹತ್ತು ಲಕ್ಷಕ್ಕೂ ಮೀರಿದ ಗುಣಾಕಾರಗಳು ಬೇಕು. 1965ರಲ್ಲಿ ಕೂಲಿ ಮತ್ತು ಟೂಕಿ ಎಂಬ ಇಬ್ಬರು ಪ್ರಚಾರಕ್ಕೆ ತಂದ ಶೀಘ್ರಗಣನೆಯ ಕ್ರಮದಿಂದ ಅದು ಸುಮಾರು ಹತ್ತು ಸಾವಿರದಲ್ಲಿಯೇ ಮುಗಿಯುವಂತಾಯಿತು. ಫೂರಿಯೇಯ ಗಣಿತವು ದಿನಬಳಕೆಗೆ ಇಳಿದದ್ದು ಆಗ.

ಬೆಲ್ ಪ್ರಯೋಗಶಾಲೆಗೆ ಬಂದ ಫ್ರೆಂಚ್ ವಿದ್ವಾಂಸ ರಿಸೆ ಎಂಬವರು 1960ರ ದಶಕದ ನಡುವೆ ತುತ್ತೂರಿಯ ನಾದವನ್ನು ಗಣಕಯಂತ್ರದಿಂದ ಬಿಡಿಸಿ ನೋಡಿದರು. ಅಲ್ಲಿಯವರೆಗೆ ಪುಸ್ತಕಗಳಲ್ಲಿ ಕೊಟ್ಟಿದ್ದ ಉಪಸ್ವರಗಳ ಪಟ್ಟಿಯನ್ನು ಅನುಸರಿಸಿ ಕೂಡಿಸಿದ ನಾದವು ತುತ್ತೂರಿಯಂತೆ ಕೇಳುತ್ತಿರಲಿಲ್ಲ. ಕಾರಣವೇನೆಂದರೆ ಉಪಸ್ವರಗಳ ಬಲವು ಸ್ಥಿರವಲ್ಲ. ನಾದವು ಬಲವಾದಂತೆಲ್ಲ ಮೇಲಿನ ಉಪಸ್ವರಗಳು ಹೆಚ್ಚು ಹೆಚ್ಚಾಗಿ ಸೇರುತ್ತವೆ. ಆರಂಭದ ಕ್ಷಣದಲ್ಲಿ ಒಂದು ಬಗೆ, ಮಧ್ಯದಲ್ಲಿ ಇನ್ನೊಂದು ಬಗೆ. ನಾದಕ್ಕೂ ಜನ್ಮ, ಯೌವನ, ಅವಸಾನಗಳುಂಟು. ಇದನ್ನು ಕಂಡುಕೊಂಡ ಮೇಲೆ ಕೃತಕನಾದಕ್ಕೆ ಪ್ರಾಣ ಬಂದಂತಾಯಿತು. ಅಲ್ಲಿಂದ ಮುಂದೆ ಚೌನಿಂಗ್ ಎಂಬವರ ವಿಧಾನವೂ, ಅದನ್ನು ಆಧರಿಸಿ 1983ರಲ್ಲಿ ಜಪಾನಿನ ಯಮಹಾ ಸಂಸ್ಥೆಯವರು ಹೊರತಂದ ಕೀಲಿಮಣೆಯ ವಾದ್ಯವೂ ಜಗತ್ತನ್ನೆಲ್ಲ ವ್ಯಾಪಿಸಿದ ಕಥೆಯು ಇಲ್ಲಿ ಬೇಕಾಗಿಲ್ಲ. ಅದೇ 1983ರಲ್ಲಿ ಕಾರ್‌ಪ್ಲಸ್ ಮತ್ತು ಸ್ಟ್ರಾಂಗ್ ಎಂಬವರು ಪ್ರಕಟಿಸಿದ ಯುಕ್ತಿಯು ಪ್ರಕೃತಕ್ಕೆ ಹೆಚ್ಚು ಸಮೀಪವಾದುದು. ಪಗಡೆಯ ಹಾಸಿನ ಮನೆಗಳಂತೆ 294 ಮನೆಗಳನ್ನು ಸಾಲಾಗಿ ಕಲ್ಪಿಸಿ, ಒಂದೊಂದರಲ್ಲಿಯೂ ಮನಸ್ಸಿಗೆ ಬಂದ ಒಂದೊಂದು ಅಂಕಿಯನ್ನು ತುಂಬಬೇಕು. ಅವನ್ನು ಸೆಕೆಂಡಿಗೆ 44,100ರ ವೇಗದಲ್ಲಿ ಓದುತ್ತ ಸುತ್ತುತ್ತ, ಪ್ರತಿ ಸುತ್ತಿನಲ್ಲಿಯೂ ಅಕ್ಕಪಕ್ಕದ ಎರಡು ಅಂಕಿಗಳ ಸರಾಸರಿಯನ್ನು ಹಳೆಯದರ ಸ್ಥಳದಲ್ಲಿ ಇಡಬೇಕು. ಅಷ್ಟೇ. ಮೇಲೆ ಹೇಳಿದ 150 ಕಂಪನಗಳ ಸಾರಣಿಯಷ್ಟೇ ಎತ್ತರದಲ್ಲಿ, ಮೀಟಿದ ತಂತಿಯಂತೆ ಒಂದು ನಾದವು ಹೊರಟು ಕ್ರಮವಾಗಿ ಮೃದುವಾಗಿ ಲಯವಾಗುತ್ತದೆ. ಇಷ್ಟು ಅಲ್ಪವಾದ ಲೆಕ್ಕದಿಂದ ತಂತಿಯ ಭ್ರಮೆ ಹುಟ್ಟುವುದೆಂದರೆ ಯಾರೂ ಬೆರಗಾಗತಕ್ಕದ್ದೇ. ಆದರೆ ಅದು ಚೂಪಾದ ಕುದುರೆಯ ಮೇಲಿನ ತಂತಿ. ಜೀವಾಳವಿಲ್ಲದ ತಂತಿ.

ಇತ್ತ ನಮ್ಮ ನಾಡಿನಲ್ಲಿ ಬೇರೆ ದಾರಿಯಿಂದ ಕೆಲಸ ನಡೆದಿತ್ತು. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ವೃತ್ತಿಯಿಂದ ಎಂಜಿನಿಯರರು, ಅಭ್ಯಾಸದಿಂದ ವೇಣುವಾದಕರು. ಅವರು ನಿರ್ಮಿಸಿದ ಎಲೆಕ್ಟ್ರಾನಿಕ್ ತಂಬೂರಿಯು 1979ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರದರ್ಶಿತವಾಯಿತು. ಅವರ ರೇಡೆಲ್ ಸಂಸ್ಥೆಯಿಂದ ಶ್ರುತಿಪೆಟ್ಟಿಗೆ, ತಂಬೂರಿ, ತಾಳಯಂತ್ರ ಮುಂತಾದುವೂ, ಅನಂತರ ಸೋರೆಬುರುಡೆಯ ಹಂಗಿಲ್ಲದ ಡಿಜಿಟಲ್ ವೀಣೆಯೂ ಹೊರಬಂದವು. ಈ ಜಾತಿಯ ಯಂತ್ರಗಳಲ್ಲಿ ಮೊದಮೊದಲಿನವು ವಿದ್ಯುನ್ಮಂಡಲಗಳಿಂದ ತಂಬೂರಿಯನ್ನು ಹೋಲುವ ನಾದವನ್ನು ಹುಟ್ಟಿಸುತ್ತಿದ್ದವು. ಈಚಿನವು ನಿಜವಾದ ತಂಬೂರಿಯ ನಾದವನ್ನೇ ಅಂಕಿಗಳಾಗಿ ಹಿಡಿದು ಸ್ಮೃತಿಯಲ್ಲಿಟ್ಟು, ಬೇಕಾದ ಶ್ರುತಿಗೆ ಏರಿಸಿ ಇಳಿಸಿ ಒಪ್ಪಿಸುತ್ತವೆ. ಚೆನ್ನೈಯ ಎಂ. ಸುಬ್ರಹ್ಮಣ್ಯನ್ ಅವರು ‘ಗಾಯಕ’ ಎಂಬ ತಂತ್ರಾಂಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವರಲಿಪಿಯನ್ನು ಬರೆದುಕೊಟ್ಟರೆ ಗಮಕಗಳೊಡನೆ ಗಣಕಯಂತ್ರವೇ ನುಡಿಸುವಂತೆ ಏರ್ಪಡಿಸಿದರು. ಬರಿಯ ಸ್ವರವನ್ನು ನುಡಿಸುವುದು ಸುಲಭ, ಕಾಂಭೋಜಿಯ ಗಾಂಧಾರವನ್ನು ಓಲಾಡಿಸುವುದು ಕಷ್ಟ ಎಂಬುದು ಅಂತಹ ಪ್ರಯತ್ನಕ್ಕೆ ಕೈಹಾಕಿದವರಿಗೆಲ್ಲ ತಿಳಿದ ವಿಷಯ.

ವಿದ್ಯುತ್ತು ಕೋಲಾರದ ಸೀಮೆಗೆ ಹೊಸದಲ್ಲ. ಶಿವನಸಮುದ್ರದ ಶಕ್ತಿಯು 1902ರಲ್ಲಿ ಮೊದಲು ಹರಿದು ಬಂದದ್ದು ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಸಂದದ್ದು 1905ರಲ್ಲಿ. ಆದರೆ ಗಣಿಯ ಪಂಪುಗಳನ್ನು ನಡೆಸುವ ಶಕ್ತಿಯು ದೇವರಮನೆಯ ಶ್ರುತಿಯನ್ನೂ ನಡೆಸೀತೆಂದು ಆಗ ಯಾರೂ ಎಣಿಸಿರಲಾರರು.

ಈ ಯಂತ್ರಗಳಿಂದಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಮುಳಬಾಗಿಲಿನಂತಹ ತಾಲ್ಲೂಕು ಪಟ್ಟಣದಲ್ಲಿ ತಂಬೂರಿಯ ತಂತಿ ಹರಿದರೆ ಹೊಸ ತಂತಿಗೆ ಬೆಂಗಳೂರಿನವರೆಗೆ ಹೋಗಬೇಕು. ಕುದುರೆಯ ಮೈ ಸವೆದರೆ ಅದನ್ನು ಹದವಾಗಿ ಉಜ್ಜಿ ಕೊಡುವವರು ಸುಲಭವಾಗಿ ಸಿಕ್ಕುವುದಿಲ್ಲ. ಬಿರಡೆ ತಿರುಗಿಸಿ ಮಣಿ ಸರಿಸಿ ಶ್ರುತಿ ಮಾಡಲು ಬಾರದ ಬಾಲಿಕೆಯು, ಗುರುವು ವಾರಕ್ಕೆ ಒಮ್ಮೆ ಬಂದು ಹೋದ ಮೇಲೆ, ಉಳಿದ ಆರು ದಿನಗಳ ಅಭ್ಯಾಸಕ್ಕೆ ಏನನ್ನು ಆಶ್ರಯಿಸಬೇಕು? ಹಿಂದೆ ಅವಳಿಗೆ ಸಿಕ್ಕುತ್ತಿದ್ದುದು ಅಪಶ್ರುತಿಯ ಹಾರ್ಮೋನಿಯಂ. ಅದಕ್ಕಿಂತ ಈ ಪೆಟ್ಟಿಗೆಯು ಸಾವಿರ ಪಾಲು ಮೇಲು. ಬಸ್ಸಿನಲ್ಲಿ ತಂಬೂರಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಊರಿಂದೂರಿಗೆ ಹೋದ ಹರಿಕಥೆಯವರೂ ಇದನ್ನು ಒಪ್ಪುತ್ತಾರೆ.

ಹೋದುದರ ಲೆಕ್ಕವೂ ಇದೆ. ಗಾಯಕನ ಹಿಂದೆ ಕುಳಿತು ತಂಬೂರಿ ಮೀಟುವುದು ಕೀಳು ಊಳಿಗವಾಗಿರಲಿಲ್ಲ. ಅದು ಶಿಷ್ಯನ ಮೊದಲನೆಯ ಪಾಠಶಾಲೆ. ಮೂರು ಗಂಟೆಗಳ ಕಾಲ ಷಡ್ಜಪಂಚಮಗಳ ನಡುವೆ ಕುಳಿತ ಕಿವಿಗೆ ಗಾಂಧಾರವು ತಾನಾಗಿ ಕೇಳತೊಡಗುತ್ತಿತ್ತು. ಗುರುವು ಎಲ್ಲಿ ಉಸಿರು ಎಳೆದನು, ಎಲ್ಲಿ ತಡೆದನು ಎಂಬುದು ಬೆನ್ನ ಹಿಂದಿನಿಂದ ಕಾಣುತ್ತಿತ್ತು. ಶ್ರುತಿ ಮಾಡುವಾಗ ಒಂದು ತಂತಿಯು ಇನ್ನೊಂದರೊಡನೆ ಕೂಡುವ ಆ ಕ್ಷಣವನ್ನು ಕಾಯುವುದೇ ಒಂದು ಸಾಧನೆ. ಗುಂಡಿಯನ್ನು ತಿರುಗಿಸಿದರೆ ಶ್ರುತಿಯು ಸಿದ್ಧವಾಗಿ ಬರುವಲ್ಲಿ ಆ ಕಾಯುವಿಕೆಗೆ ಅವಕಾಶವಿಲ್ಲ. ಯಂತ್ರದಿಂದ ಸಂಗೀತವು ಕೆಟ್ಟಿತೆಂದು ವೇದಿಕೆಯ ಮೇಲಿಂದ ದೂರುವ ವಿದ್ವಾಂಸರೇ ಮೊದಲು ತಂಬೂರಿಯವರ ಸಂಭಾವನೆಯನ್ನು ಉಳಿಸಿದವರೆಂಬುದನ್ನೂ ಸೇರಿಸಿ ಹೇಳಬೇಕು. ಯಂತ್ರಕ್ಕೆ ಊಟೋಪಚಾರ ಬೇಡವಷ್ಟೆ.

ಇನ್ನು ನಾದದ ವಿಷಯ. ಸ್ಮೃತಿಯಲ್ಲಿಟ್ಟ ನಾದವು ಎಷ್ಟೇ ನಿಜವಾದುದಾದರೂ ಅದು ಒಂದು ದಿನದ, ಒಂದು ಕೈಯ, ಒಂದು ಮೀಟಿನ ನಾದ. ಅದೇ ಮರಳಿ ಮರಳಿ ಬರುತ್ತದೆ. ತಂಬೂರಿಯ ಎರಡು ಮೀಟುಗಳು ಎಂದೂ ಒಂದೇ ಆಗಿರುವುದಿಲ್ಲ. ಹಿಂದಿನ ಮೀಟು ಇನ್ನೂ ಆರುವ ಮೊದಲೇ ಮುಂದಿನದು ಬಂದು ಅದರ ಮೇಲೆ ಕೂರುತ್ತದೆ. ಈ ಕೊರತೆಯನ್ನು ಕಂಡವರು ಮತ್ತೆ ರಾಮನ್ನರ ಪ್ರಶ್ನೆಗೇ ಹಿಂದಿರುಗಬೇಕಾಯಿತು. ನಾದವನ್ನು ಹಿಡಿದಿಡುವುದಕ್ಕೆ ಬದಲಾಗಿ ತಂತಿ, ನೂಲು, ಕುದುರೆಗಳನ್ನೇ ಗಣಿತದಲ್ಲಿ ಕಟ್ಟಿದರೆ, ಪ್ರತಿ ಮೀಟಿಗೂ ಯಂತ್ರವು ಹೊಸದಾಗಿ ಲೆಕ್ಕ ಮಾಡಿ ಹೊಸ ನಾದವನ್ನು ಕೊಡಬಲ್ಲದು. ಬಾಗಿದ ಮೈಗೆ ತಾಗುವ ತಂತಿಯ ಗಣಿತವನ್ನು ಸಿತಾರಿಗಾಗಿ 1982ರಲ್ಲಿ ಬರ‍್ರಿಜ್ ಮೊದಲಾದವರು ಪರಿಶೀಲಿಸಿದ್ದರು. 1991ರಲ್ಲಿ ಫ್ರಾನ್ಸಿನ ವ್ಯಾಲೆಟ್ ಮತ್ತು ಅವರ ಸಂಗಡಿಗರು ತಂಬೂರಿಯ ಕುದುರೆಯನ್ನೇ ಪ್ರಯೋಗಕ್ಕೆ ತೆಗೆದುಕೊಂಡು, ತಂತಿಯ ಬಿರುಸಿನಿಂದ ಎತ್ತರದ ಕಂಪನಗಳು ಮುಂದಾಗಿ ಓಡಿಬಂದು ಕುದುರೆಗೆ ತಾಗುವ ಬಗೆಯನ್ನು ತೋರಿಸಿದರು. ಮೀಟಿದ ಮೇಲೆ ನಾದದ ಹೊಳಪು ಮೇಲಿನ ಉಪಸ್ವರಗಳಿಂದ ಕ್ರಮವಾಗಿ ಕೆಳಗಿನವುಗಳಿಗೆ ಇಳಿಯುತ್ತ ಬರುವುದನ್ನು ತಂಬೂರಿಯನ್ನು ಕೇಳಿ ಬಲ್ಲವರೆಲ್ಲರೂ ಬಲ್ಲರು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ವ್ಯಾನ್ ವಾಲ್‌ಸ್ಟೈನ್ ಎಂಬವರೂ ಅವರ ಇಬ್ಬರು ಸಹೋದ್ಯೋಗಿಗಳೂ 2016ರಲ್ಲಿ, ಮೀಟಿದೊಡನೆಯೇ ಲೆಕ್ಕ ಮಾಡಿ ನುಡಿಯಬಲ್ಲಂತಹ ತಂಬೂರಿಯ ಗಣಿತರೂಪವನ್ನು ಪ್ರಕಟಿಸಿದರು. ಮರುವರ್ಷದ ಲೇಖನದಲ್ಲಿ, ಬಲವಾಗಿ ಮೀಟಿದಾಗ ತಂತಿಯ ಬಿಗಿ ಕ್ಷಣಕಾಲ ಹೆಚ್ಚುವುದನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು.

ಆ ಗಣಿತದಲ್ಲಿ ತಂತಿಯ ಉದ್ದ, ತೂಕ, ಬಿಗಿ, ಬಿರುಸುಗಳಿಗೆ ಒಂದೊಂದು ಅಂಕಿ. ಕುದುರೆಯ ಬಾಗಿಗೆ ಒಂದು, ಅದರ ಗಡಸಿಗೆ ಒಂದು. ನೂಲು ಎಲ್ಲಿದೆ ಎಂಬುದಕ್ಕೂ ಒಂದು ಅಂಕಿಯುಂಟು. ಉಳಿದವನ್ನೆಲ್ಲ ತಕ್ಕಡಿಯಿಂದಲೂ ಅಳತೆಕೋಲಿನಿಂದಲೂ ತಿಳಿಯಬಹುದು. ಈ ಒಂದು ಅಂಕಿಯನ್ನು ಮಾತ್ರ, ನರಸಿಂಹತೀರ್ಥದ ಆರಾಧನೆಯ ದಿನ ಭಜನೆಗೆ ಕುಳಿತವನು ಮಾಡುವಂತೆಯೇ, ಸ್ವಲ್ಪ ಸರಿಸಿ ಕೇಳಿ, ಮತ್ತೆ ಸರಿಸಿ ಕೇಳಿ ಗೊತ್ತುಮಾಡಬೇಕಾಗುತ್ತದೆ.